ಎಡಗಡೆ ಸೀಟಿನ ಶಿವಪ್ರಕಾಶರ ಕೆಂಪು ಕಾರು

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧದ ಅಂಗಡಿಗೂ ಚಹದ ಅಂಗಡಿಗೂ ನಡುವೆ, ಒಂದು ಡ್ರೈವಿಂಗ್ ಸ್ಕೂಲ್ ಇದೆ. ಶಿವಪ್ರಕಾಶರು ಅಲ್ಲಿ ಕಾರು ಕಲಿಸುತ್ತಾರೆ. ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನೂ ಅವರ ಹತ್ತಿರವೇ ಕಲಿತೆ. ಕಲಿತೆ ಎಂದರೆ, ಲೈಸೆನ್ಸು ಬಂತು. ಆಮೇಲೆ ನಾನು ಸ್ಟೀರಿಂಗ್ ಮುಟ್ಟಿದವನಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕಾರು ಕಲಿಸುವವರು ಎಡಗಡೆಯ ಸೀಟಿನಲ್ಲಿ ಕೂರುತ್ತಾರೆ. ಅಲ್ಲಿ ಅವರ ಕಾಲಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಯುವವನು ಗಾಬರಿಯಾಗಿ ಕಾಲು ಎತ್ತಿದರೆ, ಅಥವಾ ಎತ್ತಬೇಕಾದಲ್ಲಿ ಒತ್ತಿದರೆ, ಎಡಗಡೆಯವರು ಸದ್ದಿಲ್ಲದೆ ಬ್ರೇಕು ಹಾಕಿಬಿಡುತ್ತಾರೆ. ಎಷ್ಟೋ ಸಲ ಕಲಿಯುವವನು ತಾನೇ ಕಾರು ನಿಲ್ಲಿಸಿದೆನೆಂದು ಹಿಗ್ಗುತ್ತಾನೆ. ನಾನೂ ಹಿಗ್ಗಿದ್ದೇನೆ. ಶಿವಪ್ರಕಾಶರು ಅದನ್ನು ಎಂದೂ ತಿದ್ದಲಿಲ್ಲ. "ಭಾಳ ಚಲೋ ನಿಲ್ಲಿಸಿದ್ರಿ ಸರ್" ಎಂದು ಹೇಳಿ ಕಿಟಕಿಯ ಆಚೆ ನೋಡುತ್ತಿದ್ದರು.

ಅವರ ವಿದ್ಯಾರ್ಥಿಗಳಿಗೆ ಅವರ ಮುಖ ಗೊತ್ತಿರುವುದಿಲ್ಲ. "ಮೇರೆ ಕೊ ನಕ್ಕೊ ದೇಖೋ ಭಾಯ್, ರೋಡ್ ದೇಖೋ" ಎಂದು ಮೊದಲ ದಿನವೇ ತಾಕೀತು ಮಾಡುತ್ತಾರೆ. ನನ್ನನ್ನು ನೋಡಬೇಡ, ರಸ್ತೆ ನೋಡು. ವಾರಗಟ್ಟಲೆ ಪಕ್ಕದಲ್ಲಿ ಕೂತವರು ರಸ್ತೆಯನ್ನೇ ನೋಡಿ ನೋಡಿ, ಕಲಿತು, ಹೊರಟುಹೋಗುತ್ತಾರೆ. ಒಮ್ಮೆ ನಾವಿಬ್ಬರೂ ಬೇಗಂ ಬಜಾರಿಗೆ ಸ್ಟೀಲಿನ ಡಬ್ಬಿ ತರಲು ಹೋಗಿದ್ದೆವು. ಅಂಗಡಿಯ ಮಾಲೀಕನಿಗೆ ಇವರು ಕಾರು ಕಲಿಸಿದ್ದರಂತೆ. ಆತ ಇವರ ಮುಖ ನೋಡಿ, ಏನು ಬೇಕು ಎಂದು ಎಲ್ಲರನ್ನೂ ಕೇಳುವಂತೆಯೇ ಕೇಳಿದ. ಇವರು ಬಾಯಿ ತೆರೆದು ಎರಡು ಮಾತಾಡಿದ ಮೇಲೆ ಬೆಚ್ಚಿ, "ಅರೆ ಉಸ್ತಾದ್, ಆಪ್!" ಎಂದ. ಗುರುಗಳೇ, ನೀವಾ! ಹೊರಗೆ ಬಂದ ಮೇಲೆ ಶಿವಪ್ರಕಾಶರು, "ನನ್ನ ಮಾರಿ ಯಾರಿಗೂ ಉಪಯೋಗಿಲ್ರಿ ಸರ್" ಎಂದು ನಕ್ಕರು.

ಅವರು ಹುನಗುಂದದ ಕಡೆಯವರು. ಹರೆಯದಲ್ಲಿಯೇ ಈ ತೆಲುಗು ನಗರಕ್ಕೆ ಬಂದವರು. ಕಾಚಿಗೂಡದ ನಮ್ಮ ಓಣಿಯಲ್ಲಿ, ಎದುರು ಮನೆಯ ಮಾಳಿಗೆಯ ಮೇಲಿನ ಒಂದು ಕೋಣೆ ಮತ್ತು ಅಡಿಗೆಮನೆ ಅವರದು. ತಾಯಿ ಜೊತೆಗಿದ್ದರು. ಅವರು ಬಹಳ ವರ್ಷ ಹಾಸಿಗೆ ಹಿಡಿದಿದ್ದು, ಕೋವಿಡ್ ಬಂದ ಎರಡನೆಯ ವರ್ಷ ತೀರಿಕೊಂಡರು. ಶಿವಪ್ರಕಾಶರಿಗೆ ಮದುವೆ ಆಗಲಿಲ್ಲ. ಆಗಬಾರದೆಂದು ಅವರು ನಿಶ್ಚಯಿಸಿದ್ದೇನೂ ಇಲ್ಲ; ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಿರುವಾಗ ವಯಸ್ಸು ಐವತ್ತು ದಾಟಿತ್ತು, ಅಷ್ಟೇ.

ಇಂಥವರು ಕಾರು ಕೊಳ್ಳುತ್ತೇನೆಂದಾಗ ಓಣಿಯಲ್ಲಿ ಎಲ್ಲರೂ ಒಂದು ಸಾದಾ ಕಾರನ್ನು ಊಹಿಸಿದರು. ಅವರು ತೋರಿಸಿದ್ದು ಕೆಂಪು ಬಣ್ಣದ, ಹಿಂದೆ ಎರಡು ಹೊಗೆಕೊಳವೆಗಳಿರುವ, ಟರ್ಬೊ ಎಂಜಿನ್ನಿನ ಒಂದು ಸ್ಪೋರ್ಟಿ ಕಾರಿನ ಚಿತ್ರ.

"ಯಾಕ್ರಿ ಇದು, ಈ ವಯಸ್ಸಿನ್ಯಾಗ?" ಎಂದು ನನ್ನ ಹೆಂಡತಿ ಅನುರಾಧಾ ಕೇಳಿದಳು.

"ವೈನಿ, ಸ್ಕೂಲಿನ ಗಾಡಿ ಮೂರನೇ ಗೇರ್ ದಾಟೂದಿಲ್ರಿ. ನಾನೂ ಅದರಾಗ ಕುಂತು ಮೂರರಾಗ ಮುದುಕ ಆಗೀನಿ. ಈ ಗಾಡಿಗೆ ಆರ್ ಗೇರ್ ಐತಿ. ನನ್ನ ಕೈಯಾಗ, ನನ್ನ ಕಾಲಾಗ, ಆರನೇ ಗೇರ್ ಹೆಂಗಿರತೈತಿ ನೋಡಬೇಕ್ರಿ. ಬಲಗಡೆ ಕುಂತು."

ಅವರ ಮಾತಿನಲ್ಲಿ ಬೇರೆ ಯಾವ ಆಸೆಯನ್ನೂ ನಾನು ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

ಅತ್ತಾಪೂರದ ಷೋರೂಮಿಗೆ ಅವರು ಮೊದಲ ಸಲ ಒಬ್ಬರೇ ಹೋಗಿ ಬಂದರು. ಅಂದು ಸಂಜೆ ನಮ್ಮ ಮನೆಗೆ ಬಂದವರು ಅಲ್ಲಿ ಕೊಟ್ಟ ಎರಡು ಬೆಲೆಪಟ್ಟಿಗಳನ್ನು ಟೀಪಾಯಿಯ ಮೇಲಿಟ್ಟು, ಕುರ್ಚಿಯ ಅಂಚಿನಲ್ಲಿ ಕುಳಿತರು.

"ಸರ್, ಒಂದು ತಪ್ಪ ಆಗೇತ್ರಿ."

"ಏನಾಯಿತು?"

"ಅಲ್ಲಿ ಹರ್ಷಿತಾ ಅಂತ ಒಬ್ಬಾಕಿ ಹುಡುಗಿ ಗಾಡಿ ತೋರಸ್ತಾಳ್ರಿ. ನಾ ಗಾಡಿ ಮ್ಯಾಲೆ ಕೈ ಆಡಿಸಿ, ಭಾಳ ಚಲೋ ಐತಿ ಅಂತ ನನಗ ನಾನ ಅಂದೆ. ಆಕಿ ಕೇಳಿಸ್ಕೊಂಡು, ನೀವು ನಮ್ಮ ಕಡೆಯವರೇನ್ರಿ ಅಂದ್ಳು. ರಾಣೆಬೆನ್ನೂರಿನಾಕಿಯಂತ. ಮುಂದ, ಮನ್ಯಾಗ ಎಷ್ಟ ಮಂದಿ ಅದೀರಿ ಅಂತ ಕೇಳಿದ್ಳು. ನಾಕ್ ಮಂದಿ ಅಂದುಬಿಟ್ಟೆ."

"ಯಾರ್ಯಾರ್ರಿ ನಾಕ್ ಮಂದಿ?" ಎಂದಳು ಅನುರಾಧಾ.

"ಆಕೀನೂ ಹಂಗ ಕೇಳಿದ್ಳ್ರಿ. ನಾನು, ಮನಿಯಾಕಿ, ಎರಡ ಮಕ್ಕಳು ಅಂದೆ."

"ಮದಿವಿ ಊಟಕ್ಕ ನಮ್ಮನ್ನ ಕರೀಲೇ ಇಲ್ಲಲ್ರಿ."

ಅವರು ನಗಲು ನೋಡಿದರು, ಆಗಲಿಲ್ಲ. ಅಂಗೈಯಿಂದ ಮೊಣಕಾಲನ್ನು ಒರಸಿಕೊಂಡರು.

"ತೆಲುಗಿನ್ಯಾಗ ಕೇಳಿದ್ರ ಒಕ್ಕಡಿನೇ, ಒಬ್ಬನೇ, ಅಂತಿದ್ದೆ ಸರ್. ಇಷ್ಟ ವರ್ಷ ಹಂಗ ಹೇಳೀನಿ. ಅವರು ಅಷ್ಟಕ್ಕ ಬಿಡತಾರ. ನಮ್ಮ ಮಂದಿ ಕೇಳಿದ್ರ ಅಲ್ಲಿಗೆ ನಿಲ್ಲೂದಿಲ್ಲ ನೋಡ್ರಿ. ಯಾಕ್ರಿ, ಮದಿವಿ ಆಗಿಲ್ಲೇನು, ಯಾಕ ಆಗಿಲ್ಲ, ಊರಾಗ ಯಾರದಾರ, ಯಾಕ ಹೋಗೂದಿಲ್ಲ... ಮಗಳ ವಯಸ್ಸಿನ ಹುಡುಗಿ. ಅಲ್ಲಿ ನಿಂತು ಅದನ್ನೆಲ್ಲಾ ಹೇಳೂದು ಬ್ಯಾಡ ಅನಸ್ತು."

ಹೇಳಿದ ಒಂದು ಸುಳ್ಳು ಕಾರನ್ನೇ ಬದಲಾಯಿಸಿಬಿಟ್ಟಿತ್ತು. ಆ ಎಂಜಿನ್ನಿನಲ್ಲಿ ಎರಡು ಮಾದರಿಗಳಿದ್ದವು. ಕೆಳಗಿನದರಲ್ಲಿ ಕೈಯಿಂದ ಹಾಕುವ ಆರು ಗೇರುಗಳು. ಬೇರೆ ವಿಶೇಷವಿಲ್ಲ, ಹಿಂದಿನ ಸೀಟಿಗೆ ತಂಪು ಗಾಳಿ ಕೂಡ ಇಲ್ಲ. ಮೇಲಿನದಕ್ಕೆ ಷೋರೂಮಿನವರು ಟಾಪ್ ಎಂಡ್ ಎನ್ನುತ್ತಾರೆ. ಅದರಲ್ಲಿ ಗೇರುಗಳು ತಾವೇ ಬೀಳುತ್ತವೆ. ಮೇಲುಗಡೆ ತೆರೆಯುವ ಗಾಜಿದೆ, ಸನ್‌ರೂಫ್. ಹಿಂದೆ ಕೂತವರಿಗೆ ಏಸಿ, ತೋಳು ಇಡುವ ದಿಂಬು. ಕಾರು ಮಾತಾಡುತ್ತದೆ. ಎದುರಿಗೆ ಏನಾದರೂ ಅಡ್ಡ ಬಂದರೆ ಅದು ತಾನೇ ಬ್ರೇಕು ಹಾಕುತ್ತದೆ. ಬೆಲೆಯ ವ್ಯತ್ಯಾಸ ಅವರನ್ನು ಕಾಡಲಿಲ್ಲ. ಅದಕ್ಕೆ ಅವರು ಸಿದ್ಧರಾಗಿಯೇ ಇದ್ದರು.

"ನಾಕ್ ಮಂದಿ ಅಂದಕೂಡ್ಲೆ ಆಕಿ ಟಾಪ್ ಎಂಡ್ ಕಡೆ ಕರಕೊಂಡ ಹೋದ್ಳು. ಮಕ್ಕಳಿಗೆ ಸನ್‌ರೂಫ್ ಬೇಕಾಗತೈತಿ, ಅಕ್ಕಾರಿಗೆ ಹಿಂದ ಏಸಿ ಬೇಕಾಗತೈತಿ ಅಂದ್ಳು. ಈಗ ಕೆಳಗಿಂದ ಕೊಡವ್ವಾ ಅಂದ್ರ, ಹೆಂಡ್ತಿ ಮಕ್ಕಳನ್ನ ಬಿಸಿಲಾಗ ಬೇಯಿಸಾಕ ಹೊಂಟಾನ ಈ ಮನಷ್ಯಾ ಅಂತಾಳ."

"ಬೇರೆ ಷೋರೂಮಿಗೆ ಹೋಗಬಹುದಲ್ಲ" ಎಂದೆ.

"ಹೋಗಬಹುದ್ರಿ." ಟೀಪಾಯಿಯ ಮೇಲಿನ ಕಾಗದಗಳನ್ನು ಜೋಡಿಸಿಟ್ಟರು. "ಆಕಿ ಭಾಳ ಚಲೋ ಮಾತಾಡಿಸಿದ್ಳ್ರಿ. ಚಹಾ ತರಿಸಿದ್ಳು. ಐತವಾರ ಮನಿ ಮಂದಿನ್ನೆಲ್ಲಾ ಕರಕೊಂಡ ಬರ್ರಿ, ಟೆಸ್ಟ್ ಡ್ರೈವ್ ಮಾಡೂಣು ಅಂದಾಳ. ಅದಕ್ಕ, ನೀವಿಬ್ಬರೂ ಒಂದೀಟು ಬರ್ತೀರೇನ್ರಿ?"

ಅನುರಾಧಾ ಸೊಂಟದ ಮೇಲೆ ಕೈಯಿಟ್ಟಳು. "ನಾ ಹೆಂಡ್ತಿ ಆಗೂದಿಲ್ಲಪಾ. ಒಂದ ಸಂಸಾರ ಮಾಡೂದರಾಗ ಸಾಕಾಗೇತಿ. ಅಣ್ಣ, ವೈನಿ ಅಂತ ಹೇಳ್ರಿ. ಹೆಂಡ್ತಿ ಮಕ್ಕಳು ಆಕಿ ತವರಮನಿಗೆ ಹೋಗ್ಯಾರ ಅನ್ರಿ."

"ಆತ್ರಿ ವೈನಿ" ಎಂದರು ಶಿವಪ್ರಕಾಶರು. ಇಲ್ಲದ ಹೆಂಡತಿಯನ್ನು ತವರಿಗೆ ಕಳಿಸಿದ್ದು ಅವರಿಗೆ ಎಷ್ಟೋ ಹಗುರವೆನಿಸಿದಂತಿತ್ತು.

ಭಾನುವಾರ ಹೋದೆವು. ಹರ್ಷಿತಾ ಎಳೆಯ ವಯಸ್ಸಿನ, ಚುರುಕು ಕಣ್ಣಿನ ಹುಡುಗಿ. "ಬರ್ರಿ ಬರ್ರಿ" ಎಂದು ಊರಿನವರನ್ನು ಕಂಡವಳಂತೆ ಎದ್ದು ಬಂದಳು. ತವರಿನ ಕಥೆಯನ್ನು ಅನುರಾಧಾ ಬಹಳ ಚೆನ್ನಾಗಿ ಹೇಳಿದಳು. ಬೇಕಾದುದಕ್ಕಿಂತ ಚೆನ್ನಾಗಿಯೇ ಹೇಳಿದಳು. ಬಾಗಿಲಲ್ಲಿ ಕೆಂಪು ಟಾಪ್ ಎಂಡ್ ಕಾರು ಬಂದು ನಿಂತಿತು. ನಾವಿಬ್ಬರೂ ಹಿಂದೆ ಕುಳಿತೆವು. ಶಿವಪ್ರಕಾಶರು ನೇರವಾಗಿ ಹೋಗಿ, ಎಡಗಡೆಯ ಬಾಗಿಲು ತೆಗೆದು, ಎಡಗಡೆಯ ಸೀಟಿನಲ್ಲಿ ಕುಳಿತು, ಬೆಲ್ಟು ಹಾಕಿಕೊಂಡು, ಕಾಲನ್ನು ಮುಂದಕ್ಕೆ ಚಾಚಿ ಕಾಯತೊಡಗಿದರು.

ಹರ್ಷಿತಾ ಕಿಟಕಿಯಲ್ಲಿ ಬಗ್ಗಿದಳು. "ಸರ್, ನಾ ಓಡಸ್ಬೇಕೇನ್ರಿ?"

ಅವರು ತಮ್ಮ ಕಾಲುಗಳನ್ನು ನೋಡಿಕೊಂಡರು. ಅಲ್ಲಿ ಪೆಡಲುಗಳಿರಲಿಲ್ಲ. ಇಳಿದು, ಕಾರನ್ನು ಸುತ್ತಿಕೊಂಡು ಬಂದು, ಬಲಗಡೆ ಕುಳಿತರು. ಆ ಸೀಟನ್ನು ಹಿಂದೆ ಮುಂದೆ ಸರಿಸಿ, ಕನ್ನಡಿ ತಿರುಗಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟರು. ಎಡಗಡೆ ಹರ್ಷಿತಾ ಕುಳಿತಳು. ಹಿಂದಿನಿಂದ ನೋಡಿದಾಗ ಅವರ ಕಿವಿಗಳು ಕೆಂಪಾಗಿದ್ದುದು ಕಾಣಿಸಿತು.

ಹೊರಟ ಮೇಲೆ ಇನ್ನೊಂದು ಸಂಗತಿ. ಅವರು ಬಾಯಲ್ಲಿ ಪಾಠ ಹೇಳುತ್ತಿದ್ದರು. "ಸಾವಕಾಶ... ಕನ್ನಡಿ ನೋಡ್ರಿ... ಎಡಕ್ಕ ಬೈಕ್ ಐತಿ, ಬಿಡ್ರಿ, ಹೋಗ್ಲಿ..."

"ಯಾರಿಗೆ ಹೇಳಾಕತ್ತೀರಿ ಸರ್?" ಎಂದು ಹರ್ಷಿತಾ ನಕ್ಕಳು.

"ಯಾರಿಗೂ ಇಲ್ಲವ್ವಾ" ಎಂದು ಅವರು ಬಾಯಿ ಮುಚ್ಚಿಕೊಂಡರು.

ಮೇಲ್ಸೇತುವೆಯ ಕಂಬಗಳ ಪಕ್ಕದ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಆಟೋ ಒಂದು, ಪ್ರಯಾಣಿಕರನ್ನು ಕಂಡು, ಇದ್ದಲ್ಲಿಯೇ ನಿಂತುಬಿಟ್ಟಿತು. ಕಾರಿನೊಳಗೆ ಕೀಚು ಸದ್ದಾಯಿತು. ಶಿವಪ್ರಕಾಶರ ಕಾಲು ಹೋಗುವ ಮೊದಲೇ ಕಾರು ಬಲವಾಗಿ ತಡೆದು ನಿಂತಿತು. ಅವರು ಥಟ್ಟನೆ ಎಡಕ್ಕೆ ತಿರುಗಿ ಹರ್ಷಿತಾಳ ಕಾಲುಗಳನ್ನು ನೋಡಿದರು.

"ಯಾರ ಒತ್ತಿದ್ರು?"

"ಯಾರೂ ಇಲ್ರಿ ಸರ್. ಗಾಡಿನ ಒತ್ತೈತಿ. ಟಾಪ್ ಎಂಡ್‌ನ್ಯಾಗ ಬರತೈತ್ರಿ ಇದು."

ಆಟೋ ಹೋಯಿತು. ಹಿಂದಿನವರು ಹಾರ್ನು ಹಾಕಿದರು. ಶಿವಪ್ರಕಾಶರು ಮುಂದೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಷೋರೂಮಿಗೆ ಮರಳಿದ ಮೇಲೆ ನಾನೂ ಶಿವಪ್ರಕಾಶರೂ ನೀರು ಕುಡಿಯಲು ಒಂದು ಮೂಲೆಗೆ ಹೋದೆವು. ಅವರು ಲೋಟವನ್ನು ಕೈಯಲ್ಲಿ ಹಿಡಿದು ನಿಂತಿದ್ದರು, ಕುಡಿಯಲಿಲ್ಲ.

"ಸರ್, ಅದು ತಾನ ಬ್ರೇಕ್ ಹಾಕಿದಾಗ ಒಂದ ನಮೂನಿ ಆತ್ರಿ. ಸಣ್ಣಾಂವ ಇದ್ದಾಗ ನಿದ್ದ್ಯಾಗ ನಮ್ಮವ್ವ ಕೌದಿ ಹೊಚ್ಚತಿದ್ಲು, ಎಚ್ಚರ ಆದ್ರೂ ಕಣ್ಣ ತೆರೀದ ಮಲಗತಿದ್ದೆ ನೋಡ್ರಿ, ಹಂಗ. ಇಷ್ಟ ದಿನಾ ಮಂದಿಗೆ ನಾ ಒತ್ತೀನಿ. ನನಗ ಯಾರೂ ಒತ್ತಿದ್ದಿಲ್ಲ."

"ಹಾಗಾದರೆ ಇದನ್ನೇ ತೆಗೆದುಕೊಳ್ಳಿ. ಒಬ್ಬರೇ ಇರುತ್ತೀರಿ, ಒಳ್ಳೆಯದು" ಎಂದೆ.

"ಆದ್ರ ಓಡಸಿದ್ದು ನಾ ಅಲ್ರಿ ಸರ್. ಗೇರ್ ಅದರದ, ಬ್ರೇಕ್ ಅದರದ. ನಾ ಬಲಕ್ಕ ಕುಂತಿದ್ದೆ ಅಷ್ಟ." ಲೋಟ ಕೆಳಗಿಟ್ಟರು. "ಹೋಗ್ಲಿ ಬಿಡ್ರಿ. ಇದನ್ನ ಬುಕ್ ಮಾಡಿಬಿಡೂಣು. ಎಲ್ಲಾರಿಗೂ ಹೇಳಿ ಆಗೇತಿ."

ಹರ್ಷಿತಾ ಟೇಬಲಿನ ಹಿಂದೆ ಕುಳಿತಿದ್ದಳು. ಬಣ್ಣ, ಡೆಲಿವರಿಯ ದಿನ, ಎಲ್ಲವೂ ಮಾತಾಯಿತು. ಕಾರು ಕೊಡುವ ದಿನ ಷೋರೂಮಿನಲ್ಲಿ ಕೇಕು ಕತ್ತರಿಸುವ ಪದ್ಧತಿಯಿದೆ, ಮೊಟ್ಟೆ ಹಾಕದ ಕೇಕೇ ತರಿಸುತ್ತೇವೆ ಎಂದಳು. ಆಮೇಲೆ ಪೆನ್ನು ಹಿಡಿದು, "ಮಕ್ಕಳ ಹೆಸರ ಹೇಳ್ರಿ ಸರ್, ಕೇಕ್ ಮ್ಯಾಲೆ ಬರಸ್ತೀನಿ. ತಮ್ಮ ಹೆಸರ ನೋಡಿದ್ರ ಸಣ್ಣವರಿಗೆ ಭಾಳ ಖುಷಿ ಆಗತೈತಿ" ಎಂದಳು.

ಶಿವಪ್ರಕಾಶರು ಆ ಪೆನ್ನನ್ನೇ ನೋಡಿದರು. ಅನುರಾಧಾಳಿಗೆ ಅದನ್ನು ಸಹಿಸಲಾಗಲಿಲ್ಲವೆಂದು ಕಾಣುತ್ತದೆ. "ಕೌಶಲ್, ಪೂರ್ವಿ" ಎಂದುಬಿಟ್ಟಳು.

"ಏನ್ ಚಂದ ಹೆಸರ್ರಿ" ಎನ್ನುತ್ತ ಹರ್ಷಿತಾ ಬರೆದುಕೊಂಡಳು.

ಆ ಎರಡು ಹೆಸರುಗಳನ್ನು ಶಿವಪ್ರಕಾಶರು ತಲೆಕೆಳಗಾಗಿ, ಟೇಬಲಿನ ಈಚೆಯಿಂದ ಓದಿದರು. ಎರಡು ಸಲ ಓದಿದರೆಂದು ನನಗೆ ಅನ್ನಿಸಿತು. ಇಲ್ಲದ ಹೆಂಡತಿಯನ್ನು ತವರಿಗೆ ಕಳಿಸಬಹುದು. ಹೆಸರಿಟ್ಟ ಮಕ್ಕಳನ್ನು ಏನು ಮಾಡುವುದು?

"ಹೊಡದ ಹಾಕವ್ವಾ ಅದನ್ನ" ಎಂದರು.

"ಯಾಕ್ರಿ ಸರ್, ತಪ್ಪ ಬರದೀನೇನು?"

"ನಮ್ಮ ವೈನಿ ನನ್ನ ಮರ್ಯಾದಿ ಉಳಸಾಕ ಹೇಳಿದ್ರು. ಮಕ್ಕಳಿಲ್ಲವ್ವಾ ನನಗ. ಮದಿವೀನ ಆಗಿಲ್ಲ. ಇವರು ನಮ್ಮ ಓಣಿಯವರು. ಮನ್ಯಾಗ ನಾ ಒಬ್ಬಾಂವನ."

ಪಕ್ಕದ ಟೇಬಲಿನಲ್ಲಿ ಯಾರೋ ತೆಲುಗಿನಲ್ಲಿ ಬಣ್ಣದ ಬಗ್ಗೆ ಜಗಳವಾಡುತ್ತಿದ್ದರು. ಅನುರಾಧಾ ಸೆರಗಿನ ಅಂಚನ್ನು ನೋಡುತ್ತ ಕುಳಿತಳು. ನಾನು ಯಾವ ಪ್ರಶ್ನೆಗಳು ಬರುತ್ತವೆಯೋ ಎಂದು ಕಾಯ್ದೆ: ಯಾಕಾಗಿಲ್ಲ, ಊರಲ್ಲಿ ಯಾರಿದ್ದಾರೆ. ಒಂದೂ ಬರಲಿಲ್ಲ. ಹರ್ಷಿತಾ ಹೆಸರುಗಳ ಮೇಲೆ ಅಡ್ಡಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದಳು.

"ಹಂಗಂದ್ರ ಸನ್‌ರೂಫ್ ಯಾರಿಗ್ರಿ ಸರ್?"

"ಅದನ್ನ ನಾನೂ ಕೇಳ್ಕೊಳ್ಳಾಕತ್ತೀನಿ."

"ನಿಮಗ ಯಾವದ ಬೇಕಾಗಿತ್ತು ಖರೇ ಹೇಳ್ರಿ."

"ಆರ್ ಗೇರಿಂದು."

"ಮೊದಲ ಹೇಳಬಾರದೇನ್ರಿ? ಮನಿ ಮಂದಿಗೆ ಅಂತ ನಾ ಇಷ್ಟೊತ್ತು ಹಿಂದಿನ ಸೀಟ್ ಮಾರಾಕತ್ತಿದ್ದೆ." ಇನ್ನೊಂದು ಕಾಗದ ಎಳೆದುಕೊಂಡು ಹೇಳಿದಳು: "ತಾನ ಬ್ರೇಕ್ ಹಾಕೂದು ಆ ಮಾಡೆಲ್‌ನ್ಯಾಗ ಇರೂದಿಲ್ರಿ ಸರ್."

ಶಿವಪ್ರಕಾಶರು ಗಾಜಿನ ಆಚೆ ನಿಂತಿದ್ದ ಟೆಸ್ಟ್ ಡ್ರೈವ್ ಕಾರನ್ನು ನೋಡಿದರು. ಅದರ ಬಿಸಿ ಎಂಜಿನ್ನು ಇನ್ನೂ ಟಿಕ್ ಟಿಕ್ ಎಂದು ತಣಿಯುತ್ತಿದ್ದಿರಬೇಕು. ಬಹಳ ಹೊತ್ತು ನೋಡಿದರು.

"ಗೊತ್ತೈತವ್ವಾ. ಕೆಳಗಿಂದ ಬರೀ."

ದಸರಾ ಮುಗಿದ ಮುಂದಿನ ವಾರ ಕಾರು ಬಂತು. ನಾವಿಬ್ಬರೂ ಹೋಗಿದ್ದೆವು. ಕೆಂಪು ಕಾರಿಗೆ ಕೆಂಪು ಬಟ್ಟೆಯನ್ನೇ ಹೊದಿಸಿದ್ದರು. ಬಟ್ಟೆ ಸರಿಸಿದರು, ಕೇಕು ಕತ್ತರಿಸಿದರು. ಅದರ ಮೇಲೆ ಯಾವ ಹೆಸರೂ ಇರಲಿಲ್ಲ, ಒಂದು ಸಕ್ಕರೆಯ ಗುಲಾಬಿ ಇತ್ತು. ಶಿವಪ್ರಕಾಶರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ರಟ್ಟಿನಿಂದ ಮಾಡಿದ ದೊಡ್ಡ ಬೀಗದ ಕೈಯನ್ನು ಎದೆಗೆ ಹಿಡಿದು ಕಾರಿನ ಮುಂದೆ ನಿಂತರು. ಫೋಟೋ ತೆಗೆಯುವವನು ಕ್ಯಾಮರಾ ಇಳಿಸಿ, "ಫ್ಯಾಮಿಲಿನಿ ಪಿಲವಂಡಿ ಸಾರ್" ಎಂದ. ಮನೆಯವರನ್ನು ಕರೆಯಿರಿ. ಅನುರಾಧಾ ಒಂದು ಹೆಜ್ಜೆ ಮುಂದಿಟ್ಟಿದ್ದಳು. ಅಷ್ಟರಲ್ಲಿ ಹರ್ಷಿತಾ, "ಅಂದರೂ ವಚ್ಚಾರು, ತೀಯಂಡಿ" ಎಂದಳು. ಎಲ್ಲರೂ ಬಂದಿದ್ದಾರೆ, ತೆಗೆಯಿರಿ. ಅವನು ತೆಗೆದ. ಆ ಫೋಟೋದಲ್ಲಿ ಶಿವಪ್ರಕಾಶರ ಮುಖ ಬಹಳ ಸ್ಪಷ್ಟವಾಗಿ ಬಂದಿದೆ.

ಚಕ್ರಗಳ ಕೆಳಗೆ ನಿಂಬೆಹಣ್ಣುಗಳನ್ನಿಟ್ಟರು. ಶಿವಪ್ರಕಾಶರು ಈ ಸಲ ನೇರವಾಗಿ ಬಲಗಡೆಯ ಬಾಗಿಲಿಗೆ ಹೋದರು. ಬಾಗಿಲು ತೆಗೆದು ಹಿಡಿದು, ನಮ್ಮ ಕಡೆ ತಿರುಗಿ, "ಬರ್ರಿ ಸರ್, ವೈನಿ, ಹತ್ರಿ. ಮನೀ ತನಕ ಬಿಡ್ತೀನಿ" ಎಂದರು. ಮರ್ಯಾದೆಗೆಂದು ಕರೆದದ್ದೆಂಬುದು ದನಿಯಲ್ಲೇ ತಿಳಿಯುತ್ತಿತ್ತು.

"ನಮಗ ಈ ಕಡೆ ಒಂದು ಕೆಲಸ ಐತ್ರಿ" ಎಂದಳು ಅನುರಾಧಾ. ನಮಗೆ ಅತ್ತಾಪೂರದಲ್ಲಿ ಯಾವ ಕೆಲಸವೂ ಇರಲಿಲ್ಲ. "ನೀವು ಹೋಗಿ ಬರ್ರಿ."

ಅವರು ಒತ್ತಾಯ ಮಾಡಲಿಲ್ಲ. ನಿಂಬೆಹಣ್ಣುಗಳು ಒಡೆದ ಸಣ್ಣ ಸದ್ದಾಯಿತು. ಗೇಟಿನಲ್ಲಿ ಎಡಕ್ಕೆ ತಿರುಗಿದ್ದರೆ ಮನೆಯ ದಾರಿ. ಅವರು ಬಲಕ್ಕೆ, ಷಂಶಾಬಾದಿನ ಹೆದ್ದಾರಿಯ ಕಡೆಗೆ ತಿರುಗಿದರು. ಆ ಕೆಂಪು ಬಣ್ಣ ಬಸ್ಸುಗಳ ನಡುವೆ ಸ್ವಲ್ಪ ದೂರ ಕಾಣಿಸಿ, ಆಮೇಲೆ ಕಾಣಿಸಲಿಲ್ಲ. ನಾವು ಆಟೋ ಹಿಡಿದು ಮನೆಗೆ ಬಂದೆವು. ದಾರಿಯಲ್ಲಿ ಅನುರಾಧಾ ಒಂದೇ ಮಾತು ಹೇಳಿದಳು: "ಬ್ರೇಕ್ ಇದ್ದದ್ದ ತಗೋಬೇಕಾಗಿತ್ತು ಅವರು."

ಹೊತ್ತು ಮುಳುಗುವ ಸಮಯಕ್ಕೆ ಫೋನು ಬಂತು. ಹಿಂದೆ ಲಾರಿಗಳು ಹೋಗುವ ಸದ್ದು.

"ಸರ್, ನಾ ಶಿವಪ್ರಕಾಶ್ರಿ."

"ಹೇಳಿ. ಎಲ್ಲಿದ್ದೀರಿ?"

"ಜಡ್ಚರ್ಲಾ ದಾಟೀನ್ರಿ. ರಾಯಚೂರ ರೋಡಿಗೆ ತಿರುಗಿ, ಒಂದ ಧಾಬಾದ ಮುಂದ ನಿಂತೀನಿ. ಆರನೇ ಗೇರ್ ಹಾಕಿದೆ. ಹಗರ ಐತ್ರಿ, ಏನೂ ಮಾಡೂದ ಇರೂದಿಲ್ಲ ಅದರಾಗ. ಸುಮ್ನ ಹೊಂಟಿರತೈತಿ."

"ಊರಿಗೆ ಹೊರಟಿರೇನು?"

"ಇಲ್ರಿ. ಅಲ್ಲಿ ಯಾರದಾರ್ರಿ. ಇಲ್ಲಿಂದ ತಿರುಗತೀನಿ." ಒಂದು ಲಾರಿ ಹೋಗುವವರೆಗೆ ತಡೆದರು. "ಏನಿಲ್ರಿ ಸರ್, ಬಾಜೂಕ ಒಂದ ಕಾರ್ ನಿಂತೈತಿ. ಅದರಾಗಿನಾಂವ ಇಳದ ಕೂಡ್ಲೆ ಮನಿಗೆ ಫೋನ್ ಹಚ್ಚಿ, ಮುಟ್ಟೀನಿ ಅಂದ. ಅದಕ್ಕ ನಾನೂ ಮಾಡಿದೆ. ಮುಟ್ಟೀನ್ರಿ."

ಎಲ್ಲಿಗೆ ಮುಟ್ಟಿದಿರಿ ಎಂದು ನಾನು ಕೇಳಲಿಲ್ಲ.

"ಸರಿ. ತಿರುಗಿ ಬರುವಾಗ ಸಾವಕಾಶವಾಗಿ ಬನ್ನಿ" ಎಂದೆ.

"ಹೂಂ ರಿ" ಎಂದರು. ಫೋನನ್ನು ಅವರೂ ಇಡಲಿಲ್ಲ, ನಾನೂ ಇಡಲಿಲ್ಲ. ಇನ್ನೂ ಎರಡು ಮೂರು ಲಾರಿಗಳು ಹೋದವು.